ಪ್ರತಿಕ್ರಿಯೆ: ಸಂಪಾದಕರ ಭೇಟಿಗೆ ಇಡೀ ಹಸ್ತಪ್ರತಿ ಒಯ್ಯಬೇಕೇ?

ಬೇಡ. ಅಮೆರಿಕದ ನಾರ್ತ್ ಕ್ಯಾರೊಲೈನಾದ ಬ್ಲೂ ರಿಜ್ ಮೌಂಟನ್ಸ್ ಕ್ರೈಸ್ತ ಲೇಖಕರ ಸಮ್ಮೇಳನಕ್ಕೆ ಮೊದಲ ಸಲ ಹೊರಟಿದ್ದೀರಿ, ಕಾದಂಬರಿಯ ಮುನ್ನೂರು ಪುಟವನ್ನೂ ಮುದ್ರಿಸಲೇ ಎಂದು ಕೇಳಿದ್ದೀರಿ. ಅಲ್ಲಿ ಪ್ರಕಾಶನ ಸಂಸ್ಥೆಯ ಸಂಪಾದಕರ ಮುಂದೆ ಕುಳಿತು ಪುಸ್ತಕ ಪರಿಚಯಿಸುವ ಭೇಟಿಗೆ ಸಿಗುವುದು ಸಾಮಾನ್ಯವಾಗಿ 15 ನಿಮಿಷ. ಅಷ್ಟರಲ್ಲಿ ಯಾರೂ ಹಸ್ತಪ್ರತಿ ಓದುವುದಿಲ್ಲ, ವಿಮಾನದಲ್ಲಿ ಹೊತ್ತೊಯ್ಯುವುದೂ ಇಲ್ಲ.

ಒಂದೇ ಹಾಳೆಯ ಪರಿಚಯ ಪತ್ರ ಸಾಕು: ಶೀರ್ಷಿಕೆ, ಪ್ರಕಾರ, ಪದಸಂಖ್ಯೆ, ಬೆನ್ನುಪುಟದಲ್ಲಿ ಬರುವಂಥ ಕಥಾಸಾರ, ನಿಮ್ಮ ಬಗ್ಗೆ ಮೂರ್ನಾಲ್ಕು ಸಾಲು, ಇಮೇಲ್. ಜೊತೆಗೆ ಮೊದಲ ಅಧ್ಯಾಯ, 12 ಪಾಯಿಂಟ್ ಅಕ್ಷರ, ಎರಡು ಪಟ್ಟು ಸಾಲಂತರ, ಸುತ್ತ ಒಂದಿಂಚು ಅಂಚು. ಕೇಳಿದರಷ್ಟೇ ಕೊಡಿ.

ಬಹಳ ಜನ ಎಡವುವುದು ಮಾತಿನಲ್ಲಿ. ಕಥೆಯನ್ನು ಎರಡು ವಾಕ್ಯದಲ್ಲಿ ಹೇಳಿ ಸುಮ್ಮನಾಗಿ. ಉಳಿದ ಸಮಯ ಅವರ ಪ್ರಶ್ನೆಗಳಿಗೆ. "ಇದನ್ನು ದೇವರೇ ಬರೆಸಿದ್ದು" ಎಂದು ಶುರುಮಾಡಬೇಡಿ. ನಿಮ್ಮ ನಂಬಿಕೆ ನಿಜವೇ ಇರಬಹುದು, ಆದರೆ ಆ ಮಾತಿನ ಮುಂದೆ ಸಂಪಾದಕರು ತಿದ್ದುಪಡಿ ಸೂಚಿಸುವುದು ಹೇಗೆ?

ಮೊದಲ ಕಾದಂಬರಿಯಾದರೆ ಬರೆದು ಮುಗಿಸಿಯೇ ಹೋಗಿ. ಕಾಲ್ಪನಿಕವಲ್ಲದ ಪುಸ್ತಕಕ್ಕಾದರೆ ಅದರ ಯೋಜನೆ ವಿವರಿಸುವ ಪ್ರಸ್ತಾವ ಮತ್ತು ಎರಡು ಮೂರು ಮಾದರಿ ಅಧ್ಯಾಯ ನಡೆಯುತ್ತದೆ. ಬೈಬಲ್ ವಚನ ಬಳಸಿದ್ದರೆ ಯಾವ ಅನುವಾದವೆಂದು ನಮೂದಿಸಿ. ಹೊಸ ಇಂಗ್ಲಿಷ್ ಅನುವಾದಗಳಲ್ಲಿ ಹೆಚ್ಚಿನವಕ್ಕೆ ಹಕ್ಕುಸ್ವಾಮ್ಯವಿದೆ.

ಸಂಪಾದಕರು "ಕಳಿಸಿ" ಎಂದರೆ ಅದು ಒಪ್ಪಿಗೆಯಲ್ಲ, ಓದುತ್ತೇನೆ ಎಂಬ ಮಾತು ಮಾತ್ರ. ಆದರೂ ತಪ್ಪದೆ ಕಳಿಸಿ. ಇಮೇಲ್‌ನ ವಿಷಯದ ಸಾಲಿನಲ್ಲಿ ಸಮ್ಮೇಳನದ ಹೆಸರು, "ನೀವು ಕೇಳಿದ ಹಸ್ತಪ್ರತಿ" ಎಂಬುದು ಇರಲಿ.