ಮಗನ ಥೆರಪಿಗಾಗಿ ಬೆಂಗಳೂರಿನಲ್ಲಿ ಮನೆ ಮಾಡಬೇಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ಆರು ವರ್ಷದ ಮಗನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ. ಎರಡು ಸಾಲು ಬರೆಯುವಷ್ಟರಲ್ಲಿ ಕೈ ಸೋಲುತ್ತದೆ. ಅನ್ನ ಬೆರಳಿಗೆ ಅಂಟಿದರೆ ಅಳುತ್ತಾನೆ. ಮಕ್ಕಳ ವೈದ್ಯರು ಆಕ್ಯುಪೇಷನಲ್ ಥೆರಪಿ (ಉಣ್ಣುವುದು, ಬರೆಯುವುದು, ಬಟ್ಟೆ ತೊಡುವುದರಂಥ ದಿನನಿತ್ಯದ ಕೆಲಸಗಳನ್ನು ರೂಢಿಸುವ ಚಿಕಿತ್ಸೆ) ಕೊಡಿಸಲು ಹೇಳಿದ್ದಾರೆ, ಇಲ್ಲಿ ಯಾರೂ ಸಿಗುತ್ತಿಲ್ಲ. ಮಗನೊಂದಿಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದು ಇರು ಎನ್ನುತ್ತಾರೆ ಪತಿ. ‘ನಮ್ಮ ಮನೆಯ ಗಂಡುಮಕ್ಕಳಿಗೆ ಎಲ್ಲವೂ ತಡವೇ, ನೀನು ಮೊಬೈಲ್ ಕೊಟ್ಟು ಕೆಡಿಸಿದೆ’ ಎನ್ನುತ್ತಾರೆ ಅತ್ತೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಗಂಟುಮೂಟೆ ಕಟ್ಟಬೇಡಿ. ಬೆಂಗಳೂರಿಗೆ ಹೋದರೂ ಥೆರಪಿಸ್ಟ್ ಬಳಿ ವಾರಕ್ಕೆ ಸಿಗುವುದು ಕೆಲವೇ ಗಂಟೆ. ಉಳಿದ ಹೊತ್ತೆಲ್ಲ ಪರವೂರಿನ ಕೋಣೆಯಲ್ಲಿ ನೀವಿಬ್ಬರೇ.

ಮೊದಲು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಡಿ.ಇ.ಐ.ಸಿ. (ಡಿಸ್ಟ್ರಿಕ್ಟ್ ಅರ್ಲಿ ಇಂಟರ್‌ವೆನ್ಷನ್ ಸೆಂಟರ್) ಬಗ್ಗೆ ವಿಚಾರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಬೆಳವಣಿಗೆಯ ತೊಂದರೆಯಿರುವ ಮಕ್ಕಳನ್ನು ನೋಡುವ ಜಿಲ್ಲಾ ಕೇಂದ್ರವದು. ಶಾಲೆಗೆ ತಪಾಸಣೆಗೆಂದು ಬರುವ ವೈದ್ಯರ ತಂಡವೂ ಅಲ್ಲಿಗೆ ಚೀಟಿ ಬರೆದುಕೊಡಬಲ್ಲದು. ಅಲ್ಲಿ ಅನುಕೂಲವಾಗದಿದ್ದರೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ. ಆಕ್ಯುಪೇಷನಲ್ ಥೆರಪಿ ಕಲಿಸುವ ವಿಭಾಗವೇ ಅಲ್ಲಿದೆ. ಮಳೆಗಾಲದಲ್ಲಿ ಮಾತ್ರ ಘಾಟಿಯ ಸ್ಥಿತಿ ಕೇಳಿಕೊಂಡೇ ಹೊರಡಿ.

ಮಗನನ್ನು ಪೂರ್ತಿಯಾಗಿ ಪರೀಕ್ಷಿಸಿದ ಮೇಲೆ, ‘ಮನೆಯಲ್ಲಿ ಏನು ಮಾಡಿಸಲಿ, ಎಷ್ಟು ಹೊತ್ತು, ಯಾವಾಗ ನಿಲ್ಲಿಸಲಿ’ ಎಂದು ಕೇಳಿ ಬರೆಸಿಕೊಳ್ಳಿ. ನಡುನಡುವೆ ವಿಡಿಯೊ ನೋಡಿ ತಿದ್ದಲು ಒಪ್ಪುತ್ತಾರೆಯೇ ಎಂದೂ ಕೇಳಿ. ಅವನು ಉಣ್ಣುವುದು, ಬರೆಯುವುದು, ಅಂಗಿ ತೊಡುವುದನ್ನು ಚಿತ್ರಿಸಿಟ್ಟುಕೊಂಡು ನೆಟ್‌ವರ್ಕ್ ಬಂದಾಗ ಕಳುಹಿಸಿದರಾಯಿತು. ಚೆನ್ನಾಗಿ ಮಾಡಿದ ದಿನದ್ದನ್ನೇ ಆರಿಸಬೇಡಿ, ತಡವರಿಸುವುದೂ ಅವರಿಗೆ ಕಾಣಬೇಕು.

ಅಲ್ಲಿಯವರೆಗೆ ಗುಂಡಿಯ ಕೆಲಸವನ್ನು ಹೀಗೆ ಮಾಡಿ ನೋಡಿ: ದೊಡ್ಡ ಗುಂಡಿಯ ಅಂಗಿಯನ್ನು ಅವನ ತೊಡೆಯ ಮೇಲೆ ಹರಡಿ, ಗುಂಡಿಯನ್ನು ಕಾಜಾದೊಳಗೆ ಅರ್ಧ ನೀವೇ ತೂರಿಸಿ, ಉಳಿದರ್ಧವನ್ನು ಅವನು ಎಳೆದುಕೊಳ್ಳಲಿ. ಕೆಲಸ ಮುಗಿಸಿದ ಖುಷಿ ಅವನಿಗೇ ಸಿಗುತ್ತದೆ. ಅದು ಸಲೀಸಾದಂತೆ ನಿಮ್ಮ ಪಾಲನ್ನು ಕಡಿಮೆ ಮಾಡುತ್ತಾ ಬನ್ನಿ. ಅಂಟು ಕಂಡರೆ ಅಳುವ ಮಗುವಿನ ಕೈಯನ್ನು ಹಿಡಿದು ಅನ್ನಕ್ಕೆ ಅದ್ದಬೇಡಿ. ಒಣ ಅಕ್ಕಿಯಲ್ಲಿ ಕೈಯಾಡಿಸುವುದರಿಂದ ಶುರುಮಾಡಿ.

ಅತ್ತೆಯವರೊಂದಿಗೆ ಮೊಬೈಲ್ ವಾದ ಬೆಳೆಸಬೇಡಿ. ಮೊಬೈಲ್ ಬಳಕೆ ಕಡಿಮೆಯಾದರೆ ಒಳ್ಳೆಯದೇ, ಆದರೆ ಇಷ್ಟಕ್ಕೆಲ್ಲ ನೀವೇ ಕಾರಣ ಎಂಬ ಆರೋಪವನ್ನು ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ಅಕ್ಕಿ ರೊಟ್ಟಿಗೆ ಹಿಟ್ಟು ನಾದುವಾಗ ಮೊಮ್ಮಗನಿಗೂ ಒಂದು ಉಂಡೆ ಕೊಡಲು ಅವರಿಗೆ ಹೇಳಿ. ಮುಟ್ಟಿದರೆ ಮುಟ್ಟಲಿ, ಬಿಟ್ಟರೆ ಬಿಡಲಿ. ದೂರುವವರಿಗೆ ಒಂದು ಕೆಲಸ ವಹಿಸಿದರೆ ದೂರು ಅರ್ಧಕ್ಕರ್ಧ ಇಳಿಯುತ್ತದೆ!

ಒಂದು ಎಚ್ಚರಿಕೆ. ಫಿಸಿಯೋಥೆರಪಿ ಬೇರೆ, ಆಕ್ಯುಪೇಷನಲ್ ಥೆರಪಿ ಬೇರೆ. ಥೆರಪಿಸ್ಟ್‌ಗೆ ಬಿ.ಒ.ಟಿ. (ಬ್ಯಾಚುಲರ್ ಆಫ್ ಆಕ್ಯುಪೇಷನಲ್ ಥೆರಪಿ) ಪದವಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಮಗುವನ್ನು ನೋಡುವ ಮೊದಲೇ ಇಷ್ಟು ತಿಂಗಳಲ್ಲಿ ಸರಿಮಾಡುತ್ತೇವೆ ಎನ್ನುವವರಿಗೆ ದೂರದಿಂದಲೇ ಕೈ ಮುಗಿಯಿರಿ.

ಮೊದಲ ಭೇಟಿಗೆ ಪತಿಯೂ ಬರಲಿ, ತೋಟದಲ್ಲಿ ಕೊಯ್ಲಿದ್ದರೂ ಸರಿ. ವಾರವಾರವೂ ಬರಲೇಬೇಕೆಂದು ಥೆರಪಿಸ್ಟ್ ಹೇಳಿದರೆ, ಬಾಡಿಗೆ ಮನೆಯನ್ನು ಶಿವಮೊಗ್ಗದಲ್ಲೋ ಮಣಿಪಾಲದಲ್ಲೋ ಹುಡುಕುವ ಬಗ್ಗೆ ಆಗ ಇಬ್ಬರೂ ಕುಳಿತು ಯೋಚಿಸಿ.