ಕೆಲಸಕ್ಕೆ ಸೇರಿದ ಹುಡುಗರು ಹದಿನೈದು ದಿನಕ್ಕೇ ಯಾಕೆ ಬಿಟ್ಟರು?

ಗಡಿನಾಡು ಕಾಸರಗೋಡಿನ ಆದಿವಾಸಿ ಸಮುದಾಯಗಳ ಉದ್ಯೋಗದ ಕುರಿತು ಬಂದ ಪ್ರಶ್ನೆಗಳಲ್ಲಿ ಮೂರಕ್ಕೆ ಈ ಬಾರಿ ಉತ್ತರ.

ಪ್ರಶ್ನೆ: ಬದಿಯಡ್ಕ ಸಮೀಪ ನಮ್ಮದೊಂದು ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕ ಇದೆ. ಹೊರರಾಜ್ಯದ ಕೆಲಸಗಾರರನ್ನೇ ನಂಬಿಕೊಂಡಿದ್ದೆವು. ಕಳೆದ ವರ್ಷ ಹತ್ತಿರದ ಕೊರಗ ಸಮುದಾಯದ ಕಾಲನಿಯ ಐದು ಮಂದಿ ಹುಡುಗರನ್ನು ತೆಗೆದುಕೊಂಡೆವು. ಕೈ ಚುರುಕಿತ್ತು. ಆದರೆ ಹದಿನೈದು ದಿನದೊಳಗೆ ಮೂವರು ಬಿಟ್ಟರು. ‘ಅವರು ನಿಲ್ಲುವ ಪೈಕಿಯಲ್ಲ’ ಎನ್ನುತ್ತಾರೆ ಎಲ್ಲರೂ. ನಮಗೆ ನಿಜಕ್ಕೂ ಊರಿನವರೇ ಬೇಕು. ಏನು ಮಾಡಬಹುದು?

ಉತ್ತರ: ಎಲ್ಲರೂ ಹೇಳುವುದನ್ನು ಬದಿಗಿಡಿ. ಬಿಟ್ಟ ಮೂವರಲ್ಲಿ ಯಾಕೆ ಬಿಟ್ಟಿರಿ ಎಂದು ಕೇಳಿದ್ದರ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ಮೊದಲು ಅದಾಗಲಿ. ಕೇಳುವವರು ನಿಮ್ಮ ಸೂಪರ್‌ವೈಸರ್ ಆಗಿರಬಾರದು. ಕಾಲನಿಗೆ ಹೋಗಿಬರುವ ಎಸ್‌ಟಿ (ಪರಿಶಿಷ್ಟ ಪಂಗಡ) ಇಲಾಖೆಯ ಪ್ರೊಮೋಟರ್ ಇರುತ್ತಾರೆ, ಅವರ ಮೂಲಕ ಕೇಳಿಸಿ.

ಇಂಥ ಕಡೆಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಬಟವಾಡೆಯ ತೊಡಕು. ತೋಟದ ಕೆಲಸಕ್ಕೆ ಹೋದವರಿಗೆ ಸಂಜೆಗೋ ಶನಿವಾರಕ್ಕೋ ಕೂಲಿ ಕೈಗೆ ಬರುತ್ತದೆ. ನಿಮ್ಮಂಥ ಘಟಕಗಳಲ್ಲಿ ಸಾಮಾನ್ಯವಾಗಿ ತಿಂಗಳ ಸಂಬಳ, ಅದೂ ಬ್ಯಾಂಕಿಗೆ. ರೇಷನ್ ಅಕ್ಕಿ ಮನೆಯಲ್ಲಿದ್ದರೂ ಮೀನು, ಎಣ್ಣೆ, ಬಸ್ಸಿನ ಚಾರ್ಜು ಎಲ್ಲ ಅಂದಂದಿನ ದುಡ್ಡಿನಲ್ಲೇ ಆಗಬೇಕಾದ ಮನೆಯವರು ಮೂವತ್ತು ದಿನ ಕಾಯುವುದು ಹೇಗೆ? ಎರಡನೇ ವಾರ ಯಾರೋ ಅಡಿಕೆ ಕೊಯ್ಲಿಗೆ ಕರೆಯುತ್ತಾರೆ, ಹೋಗಿಬಿಡುತ್ತಾರೆ. ಅದನ್ನು ನಾವು ಸೋಮಾರಿತನ ಎಂದು ಬರೆದಿಡುತ್ತೇವೆ! ಮೊದಲ ಮೂರು ತಿಂಗಳು ವಾರದ ಬಟವಾಡೆ ಮಾಡಿ ನೋಡಿ. ನಿಮ್ಮ ಲೆಕ್ಕ ಬರೆಯುವವರಿಗೆ ಸ್ವಲ್ಪ ಕಿರಿಕಿರಿ ಆದೀತು, ಆಗಲಿ.

ಬ್ಯಾಂಕಿಗೆ ಹಾಕುವುದಾದರೆ ಹೆಸರಿನ ಗೋಜಲು ಬೇರೆ. ರೇಷನ್ ಕಾರ್ಡಿನಲ್ಲಿ ಮಲಯಾಳದಲ್ಲಿ ‘ಐತ’, ಆಧಾರಿನಲ್ಲಿ ‘ಐತಪ್ಪ’, ಶಾಲೆಯ ಸರ್ಟಿಫಿಕೇಟಿನಲ್ಲಿ ಹಿಂದೆಯೋ ಮುಂದೆಯೋ ಒಂದು ಇನಿಶಿಯಲ್. ಪಿಎಫ್ ಖಾತೆ ತೆರೆಯುವಾಗ ಹೆಸರು, ಜನ್ಮದಿನಾಂಕ ಆಧಾರಿಗೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ‘ದಾಖಲೆ ಸರಿಮಾಡಿ ಬಾ’ ಎಂದು ಕಳಿಸುತ್ತಾರೆ. ಅವನು ಒಂದು ದಿನದ ಕೂಲಿ ಬಿಟ್ಟು ಸರಕಾರಿ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದಲ್ಲಿ ಕೂರುತ್ತಾನೆ, ಮರುದಿನ ಮತ್ತೊಂದು ಕಾಗದ ಬೇಕೆನ್ನುತ್ತಾರೆ, ಮೂರನೇ ದಿನ ಅವನು ನಿಮ್ಮ ಗೇಟಿಗೇ ಬರುವುದಿಲ್ಲ. ಈ ಓಡಾಟಕ್ಕೆ ನಿಮ್ಮ ಆಫೀಸಿನ ಒಬ್ಬರನ್ನು ಜತೆಗೆ ಕಳಿಸಿ, ಆ ದಿನದ ಸಂಬಳ ಕತ್ತರಿಸಬೇಡಿ.

ಇನ್ನೊಂದು ವಿಷಯ ನೇರವಾಗಿಯೇ ಹೇಳುತ್ತೇನೆ. ನಿಮ್ಮ ಸೂಪರ್‌ವೈಸರ್ ತುಳುವಿನಲ್ಲಿ ಉಳಿದವರಿಗೆ ‘ಈರ್’ (ನೀವು) ಎಂದು, ಈ ಹುಡುಗರಿಗೆ ಮಾತ್ರ ‘ಈ’ (ನೀನು) ಎಂದು ಕರೆಯುತ್ತಾರೆಯೇ? ಪ್ರೆಸ್ ಮೆಶಿನಿಗೆಂದು ತೆಗೆದುಕೊಂಡವರ ಕೈಗೆ ಊಟದ ಹೊತ್ತಿಗೆ ಪೊರಕೆ ಬರುತ್ತದೆಯೇ? ಚಹಾದ ಲೋಟ ಬೇರೆ ಇದೆಯೇ? ಕೊರಗರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕರ್ನಾಟಕ ಕಾಯ್ದೆ ಮಾಡಿ ನಿಷೇಧಿಸಿದ್ದು 2000ದಲ್ಲಿ. ಅಷ್ಟು ಹತ್ತಿರದ ಕಥೆ ಇದು; ಹುಡುಗರ ಅಜ್ಜ ಅಜ್ಜಿಯರ ನೆನಪಲ್ಲಿ ಹಸಿಯಾಗಿರುತ್ತದೆ. ಕೇರಳದಲ್ಲಿ ಕೊರಗರ ಸಂಖ್ಯೆ ಸುಮಾರು ಒಂದೂವರೆ ಸಾವಿರ ಮಾತ್ರ, ಹೆಚ್ಚುಕಡಿಮೆ ಎಲ್ಲರೂ ನಮ್ಮ ಕಾಸರಗೋಡು, ಮಂಜೇಶ್ವರದ ಕಡೆಯವರು, ಒಬ್ಬರಿಗೊಬ್ಬರು ನೆಂಟರು. ಒಬ್ಬನಿಗೆ ಆದ ಅವಮಾನ ವಾರದೊಳಗೆ ಎಲ್ಲ ಕಾಲನಿಗೂ ಮುಟ್ಟುತ್ತದೆ. ಒಳ್ಳೆಯ ಹೆಸರೂ ಅಷ್ಟೇ ಬೇಗ ಮುಟ್ಟುತ್ತದೆ ಎನ್ನುವುದು ನಿಮಗೆ ಲಾಭ.

ಒಬ್ಬೊಬ್ಬರನ್ನೇ ಬೇರೆ ಬೇರೆ ಶಿಫ್ಟಿಗೆ ಹಾಕಬೇಡಿ, ಇಬ್ಬರು ಮೂವರು ಜತೆಗಿರಲಿ. ದೈವದ ಕೋಲ, ಸಾವು, ಬೊಜ್ಜಕ್ಕೆ (ಉತ್ತರಕ್ರಿಯೆಗೆ) ರಜೆ ಬೇಕೇ ಬೇಕು. ಕೋಲದ ದಿನ ಮೊದಲೇ ಗೊತ್ತಿರುತ್ತದೆ, ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಖರ್ಚಿನ ಮಾತಿಗೆ ಬಂದರೆ, ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುವ ದಾರಿ ಇದೆ. ನಾಲ್ಕು ಜನಕ್ಕಿಂತ ಕಡಿಮೆ ಇಲ್ಲದ ಘಟಕ ಸ್ವಇಚ್ಛೆಯಿಂದ ಅಪ್ರೆಂಟಿಸರನ್ನು ಇಟ್ಟುಕೊಳ್ಳಬಹುದು, ಮೂವತ್ತು ಅಥವಾ ಹೆಚ್ಚು ಜನರಿದ್ದರೆ ಕಡ್ಡಾಯ. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಪಾಲನ್ನು ಕೇಂದ್ರ ಸರಕಾರ ಭರಿಸುತ್ತದೆ. ಆದರೆ ಅಪ್ರೆಂಟಿಸ್ ಹೆಸರಲ್ಲಿ ಅಗ್ಗದ ಆಳು ಹುಡುಕುವುದಾದರೆ ಬೇಡ. ತರಬೇತಿ ಮುಗಿದ ಮೇಲೆ ಖಾಯಂ ಮಾಡುವ ಮನಸ್ಸಿದ್ದರೆ ಮಾತ್ರ ಕೈಹಾಕಿ.

ಪ್ರಶ್ನೆ: ನಾನು ಕಾಸರಗೋಡಿನ ಪೆರ್ಲ ಕಡೆಯವಳು, ಮರಾಟಿ ಸಮುದಾಯ. ಪದವಿ ಓದಿದ್ದು ಕರ್ನಾಟಕದ ಪುತ್ತೂರಿನಲ್ಲಿ. ಮರಾಟಿಗಳು ಕರ್ನಾಟಕದಲ್ಲೂ ಎಸ್‌ಟಿ ತಾನೇ? ಕೇರಳದ ಸರ್ಟಿಫಿಕೇಟಿನಲ್ಲಿ ಅಲ್ಲಿಯ ಸರಕಾರಿ ಹುದ್ದೆಗೆ ಮೀಸಲಾತಿ ಸಿಗಬಹುದೇ?

ಉತ್ತರ: ಸಿಗುವುದಿಲ್ಲಮ್ಮ. ಸಮುದಾಯದ ಹೆಸರು ಎರಡೂ ರಾಜ್ಯಗಳ ಪಟ್ಟಿಯಲ್ಲಿದ್ದರೂ ಸರ್ಟಿಫಿಕೇಟ್ ಮೂಲ ರಾಜ್ಯಕ್ಕೇ ಕಟ್ಟುಬಿದ್ದದ್ದು. ಸುಪ್ರೀಂ ಕೋರ್ಟ್ 1990ರಲ್ಲಿ ಹೀಗೆ ಹೇಳಿತು, 2018ರಲ್ಲಿ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು. ಮದುವೆಯಾಗಿ ಪುತ್ತೂರಿಗೆ ಹೋದರೂ ನಿಮ್ಮ ಮೂಲ ಬದಲಾಗುವುದಿಲ್ಲ. 1956ರ ನವೆಂಬರ್ 1ರ ತನಕ ಕಾಸರಗೋಡು ಮತ್ತು ಪುತ್ತೂರು ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಅಣ್ಣನ ಮನೆ ಆಚೆಗೆ, ತಮ್ಮನ ಮನೆ ಈಚೆಗೆ ಬಿದ್ದ ಕುಟುಂಬಗಳಿಗೆ ಈ ನಿಯಮ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೆ ಅರ್ಜಿ ಹಾಕುವಾಗ ಅಭಿಪ್ರಾಯ ಉಪಯೋಗಕ್ಕೆ ಬಾರದು.

ನಿಮ್ಮ ಸರ್ಟಿಫಿಕೇಟ್ ನಡೆಯುವ ಜಾಗ ಬೇರೆ ಇದೆ, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕೇಂದ್ರ ಸರಕಾರದ ಹುದ್ದೆಗಳಿಗೆ ಯಾವ ರಾಜ್ಯದ ಎಸ್‌ಟಿಯಾದರೂ ಸರಿ. ಅಖಿಲ ಭಾರತ ಮಟ್ಟದ ನೇಮಕಾತಿಯಲ್ಲಿ ಮೀಸಲಾತಿ ಶೇ. 7.5, ವಯಸ್ಸಿನಲ್ಲಿ ಐದು ವರ್ಷ ಸಡಿಲಿಕೆ. ರೈಲ್ವೆ, ಬ್ಯಾಂಕುಗಳು ಮಾತ್ರವಲ್ಲ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಕಾಸರಗೋಡಿನ ಸಿಪಿಸಿಆರ್‌ಐ (ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ), ಸೀತಾಂಗೋಳಿಯ ಎಚ್‌ಎಎಲ್, ಅಷ್ಟೇಕೆ, ಮಂಗಳೂರಿನಲ್ಲೇ ಇರುವ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ಮತ್ತು ನವಮಂಗಳೂರು ಬಂದರು ಕೂಡ ಕೇಂದ್ರದ್ದೇ. ಅಂದರೆ ಮಂಗಳೂರಲ್ಲಿ ಕೆಲಸ ಮಾಡಬೇಕೆಂಬ ಆಸೆ ಬಿಡಬೇಕಾಗಿಲ್ಲ. ಸರ್ಟಿಫಿಕೇಟನ್ನು ಕೇಂದ್ರದ ನಮೂನೆಯಲ್ಲಿ ತಹಶೀಲ್ದಾರರಿಂದ ಈಗಲೇ ಮಾಡಿಸಿಟ್ಟುಕೊಳ್ಳಿ.

ಕೇರಳ ಪಿಎಸ್‌ಸಿಯನ್ನೂ (ಲೋಕಸೇವಾ ಆಯೋಗ) ಕೈಬಿಡಬೇಡಿ. ಎಸ್‌ಟಿಗೆ ಶೇ. 2 ಮೀಸಲು, ಅರ್ಜಿಗೆ ಶುಲ್ಕವಿಲ್ಲ, ಎಲ್‌ಡಿ ಕ್ಲರ್ಕಿನಂಥ ಪರೀಕ್ಷೆಗಳಿಗೆ ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಸಿಗುತ್ತದೆ. ಕನ್ನಡ ಬಲ್ಲವರಿಗೇ ಮೀಸಲಾದ ಹುದ್ದೆಗಳೂ ನಮ್ಮ ಜಿಲ್ಲೆಯಲ್ಲಿ ಬರುತ್ತವೆ. ಎಸ್‌ಟಿ ಆಗಿದ್ದು ಕನ್ನಡವೂ ಬರುವ ಅಭ್ಯರ್ಥಿಗಳು ಎಷ್ಟು ಮಂದಿ ಇದ್ದಾರು, ಯೋಚಿಸಿ. ಆದರೆ ಮಲಯಾಳದ ಓದು ಬರಹವನ್ನು ಕಲಿತುಕೊಳ್ಳಿ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದ ಹೆಂಗಸರು ಕಾಡಿನ ಬೂರು (ಬಳ್ಳಿ) ತಂದು ಬುಟ್ಟಿ ಹೆಣೆಯುತ್ತಾರೆ. ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಕೇಳುವವರಿಲ್ಲ. ಸರಕಾರ ಕೊಂಡುಕೊಳ್ಳುವ ಕ್ರಮ ಏನಾದರೂ ಇದೆಯೇ?

ಉತ್ತರ: ಬೂರು ತರುವ ಹಕ್ಕಿನ ಬಗ್ಗೆ ಅಂಜಿಕೆ ಬೇಡ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರು, ಬೆತ್ತ ಸೇರಿದಂತೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ನಿಮಗೆ ಹಕ್ಕು ಕೊಡುತ್ತದೆ. ಗ್ರಾಮಸಭೆಯ ಮೂಲಕ ಅದನ್ನು ದಾಖಲು ಮಾಡಿಸಿ.

ಕೊಳ್ಳುವ ಕ್ರಮವೂ ಇದೆ. ಕೇಂದ್ರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ತಮ್ಮ ಖರೀದಿಯ ಶೇ. 4ನ್ನು ಎಸ್‌ಸಿ, ಎಸ್‌ಟಿಗಳ ಸಣ್ಣ ಘಟಕಗಳಿಂದ ಮಾಡಬೇಕು. ಆದರೆ ಯಾವ ಇಲಾಖೆಗೂ ಬುಟ್ಟಿ ಅಷ್ಟಾಗಿ ಬೇಡ. ಅವರಿಗೆ ಬೇಕಾದದ್ದು ಫೈಲು ಕವರು, ಯೂನಿಫಾರ್ಮು, ಕ್ಯಾಂಟೀನು, ಶುಚಿತ್ವದ ಕಾಂಟ್ರಾಕ್ಟು. ಬುಟ್ಟಿಯನ್ನು ಹೋಂಸ್ಟೇ, ಹೂವಿನ ಅಂಗಡಿಗಳಿಗೆ ಒಳ್ಳೆಯ ಬೆಲೆಗೆ ಮಾರಿ. ಸರಕಾರಕ್ಕೆ ಬಟ್ಟೆ ಹೊಲಿದುಕೊಡಿ. ಅದಕ್ಕೆ ಮೊದಲು ಸಣ್ಣ ಉದ್ದಿಮೆಗಳ ‘ಉದ್ಯಮ್’ ನೋಂದಣಿ ಆಗಬೇಕು, ಒಡೆತನ ಎಸ್‌ಟಿ ಎಂದು ಅದರಲ್ಲಿ ಬರಬೇಕು. ನೋಂದಣಿ ಉಚಿತ. ದುಡ್ಡು ಕೇಳಿದರೆ ಅದು ಫಾರಂ ತುಂಬಿಸಿಕೊಡುವವರ ಕೂಲಿ, ಸರಕಾರದ ಶುಲ್ಕವಲ್ಲ.