ಅಡುಗೆಮನೆ ಪ್ರಶ್ನೋತ್ತರ: ಮೈದಾ, ಸಕ್ಕರೆ ಬಿಟ್ಟು ಹಣ್ಣಿನ ಬೇಕಿಂಗ್

ಪ್ರಶ್ನೆ: ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ. ಆಹಾರದಲ್ಲಿ ಕಾರ್ಬೋಹೈಡ್ರೇಟ್ ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದ್ದಾರೆ. ಆದರೆ ಊಟವಾದ ಮೇಲೆ ಅವರಿಗೆ ಏನಾದರೊಂದು ಸಿಹಿ ಬೇಕೇ ಬೇಕು. ಮನೆಯಲ್ಲಿ ಸಣ್ಣದೊಂದು ಒಟಿಜಿ (ವಿದ್ಯುತ್ ಓವನ್) ಇದೆ. ವಿಡಿಯೊಗಳಲ್ಲಿ ತೋರಿಸುವ ಬ್ಲೂಬೆರಿ, ರಾಸ್ಪ್‌ಬೆರಿಗಳು ಇಲ್ಲಿ ಸಿಗುವುದಿಲ್ಲ. ಸಿಕ್ಕರೂ ಬೆಲೆ ಕೇಳುವ ಹಾಗಿಲ್ಲ. ನಮ್ಮ ಕಡೆಯ ಹಣ್ಣಿನಲ್ಲೇ ಏನು ಮಾಡಬಹುದು? ಬಾಳೆಹಣ್ಣಿನ ಕೇಕಿಗೆ ಸಕ್ಕರೆ ಹಾಕದಿದ್ದರೆ ಸಾಕಾಗುತ್ತದೆಯೇ? (ಓದುಗರು, ಕುಮಟಾ)

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲಿಯೇ. ಸಕ್ಕರೆ ಹಾಕದ ಮಾತ್ರಕ್ಕೆ ಬಾಳೆಹಣ್ಣಿನ ಕೇಕು ಕಡಿಮೆ ಕಾರ್ಬ್‌ನ ತಿನಿಸಾಗುವುದಿಲ್ಲ. ನೂರು ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 23 ಗ್ರಾಂ, ಹಲಸಿನ ತೊಳೆಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ, ಮೈದಾದಲ್ಲಿ 76 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಮೈದಾದ ಬದಲು ಗೋಧಿ ಹಿಟ್ಟನ್ನೋ ರಾಗಿ ಹಿಟ್ಟನ್ನೋ ಬಳಸಿದರೆ ನಾರಿನಂಶ ಹೆಚ್ಚುವುದು ನಿಜವಾದರೂ ಒಟ್ಟು ಕಾರ್ಬ್ ಬಹಳವೇನೂ ಇಳಿಯುವುದಿಲ್ಲ. ಆದ್ದರಿಂದ ಹಿಟ್ಟು, ಸಕ್ಕರೆ, ಹಣ್ಣು ಈ ಮೂರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಕ್ಕರೆ ಬಿಟ್ಟ ಮೇಲೂ ಹಿಟ್ಟಿನ ದೊಡ್ಡ ಪಾಲು ಉಳಿದೇ ಇರುತ್ತದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ.

ಹಣ್ಣಿನ ವಿಷಯದಲ್ಲಿ ನೀವು ಬೆರಿಗಳಿಗಾಗಿ ಕೊರಗುವ ಅಗತ್ಯವಿಲ್ಲ. ಪಪ್ಪಾಯಿಯಲ್ಲಿ ನೂರು ಗ್ರಾಂಗೆ ಸುಮಾರು 11 ಗ್ರಾಂ, ಪೇರಲ ಹಣ್ಣಿನಲ್ಲಿ 14 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಪೇರಲದ 14ರಲ್ಲಿ ಐದು ಗ್ರಾಂನಷ್ಟು ನಾರೇ ಆಗಿರುವುದರಿಂದಲೂ, ಒಲೆಯ ಬಿಸಿಗೆ ಅದು ಪಪ್ಪಾಯಿಯಂತೆ ನೀರು ಬಿಟ್ಟು ಕರಗದೆ ತನ್ನ ಆಕಾರ ಉಳಿಸಿಕೊಳ್ಳುವುದರಿಂದಲೂ ನಾನು ಬೇಕಿಂಗಿಗೆ ಅದನ್ನೇ ಆರಿಸುತ್ತೇನೆ. ತೀರಾ ಹಣ್ಣಾಗಿ ಮೆತ್ತಗಾದದ್ದು ಬೇಡ. ಹೊರಗೆ ಹಳದಿಗೆ ತಿರುಗಿ, ಒತ್ತಿದರೆ ಇನ್ನೂ ಬಿಗಿಯಾಗಿರುವ ಹಣ್ಣು ಸರಿಯಾದದ್ದು.

ಇದರಲ್ಲಿ ಮಾಡಲು ಅತ್ಯಂತ ಸುಲಭವಾದದ್ದು ಕ್ರಂಬಲ್. ಕೆಳಗೆ ಬೇಯಿಸಿದ ಹಣ್ಣು, ಮೇಲೆ ಬೆಣ್ಣೆ ಬೆರೆತ ಉದುರುದುರಾದ ಪದರ, ಅಷ್ಟೇ. ಕೇಕಿನಂತೆ ಉಬ್ಬಬೇಕಾದ ಕಟ್ಟುಪಾಡು ಇದಕ್ಕಿಲ್ಲ. ಗ್ಲುಟೆನ್ (ಗೋಧಿ ಹಿಟ್ಟಿಗೆ ಹಿಡಿತ ಕೊಡುವ ಜಿಗುಟು ಪ್ರೋಟೀನು) ಇಲ್ಲದ ಬಾದಾಮಿ ಪುಡಿಯಿಂದ ಕೇಕು ಮಾಡಲು ಹೊರಟರೆ ಅದನ್ನು ಹಿಡಿದಿಡಲು ಮೊಟ್ಟೆ ಬೇಕಾಗುತ್ತದೆ, ಹದ ಸ್ವಲ್ಪ ತಪ್ಪಿದರೂ ನಡು ಕುಸಿಯುತ್ತದೆ; ಕ್ರಂಬಲ್‌ನಲ್ಲಿ ಹಿಟ್ಟು ಉದುರಿಕೊಂಡಿರುವುದೇ ಬೇಕಾಗಿರುವುದರಿಂದ ಗ್ಲುಟೆನ್ ಇಲ್ಲದಿರುವುದು ಕೊರತೆಯೇ ಅಲ್ಲ.

ಆರು ಜನರಿಗೆ ಮಧ್ಯಮ ಗಾತ್ರದ ಐದಾರು ಪೇರಲ ಸಾಕು. ನಡುವಿನ ಬೀಜದ ಭಾಗವನ್ನು ಚಮಚದಿಂದ ಕೆರೆದು ತೆಗೆದ ಮೇಲೆ 400 ಗ್ರಾಂನಷ್ಟು ತಿರುಳು ಉಳಿಯಬೇಕು. ಬೀಜ ಉಳಿದರೆ ಬೆಂದ ಮೇಲೂ ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ. ಹೋಳುಗಳನ್ನು ಅರ್ಧ ಬಟ್ಟಲು ನೀರು, ಒಂದು ತುಂಡು ದಾಲ್ಚಿನ್ನಿ ಮತ್ತು ತೊಳೆದ ಮೂರು ನಾಲ್ಕು ಒಣ ಮುರುಗಲು (ಕೋಕಂ) ಸಿಪ್ಪೆಯ ಜೊತೆ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಬೇಯಿಸಿ. ಮುರುಗಲಿನ ಹುಳಿ ಪೇರಲದ ಸಪ್ಪೆತನವನ್ನು ತೆಗೆದು ಹಣ್ಣಿನ ಸಿಹಿಯನ್ನು ಎತ್ತಿ ತೋರಿಸುತ್ತದೆ, ರಸಕ್ಕೆ ಒಳ್ಳೆಯ ಕೆಂಪು ಬಣ್ಣವನ್ನೂ ಕೊಡುತ್ತದೆ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆಯಾದರೆ ಮೊದಲೇ ನೆನೆಸಿ ಆ ನೀರನ್ನು ಚೆಲ್ಲಿ. ಅಂಗಡಿಯಲ್ಲಿ ಸಿಗುವ ಕೋಕಂ ಸಿರಪ್ ಮಾತ್ರ ಬೇಡ, ಅದರಲ್ಲಿ ಹೆಚ್ಚಿನಂಶ ಸಕ್ಕರೆಯೇ ಇರುತ್ತದೆ. ಹಣ್ಣು ಮೆತ್ತಗಾದ ಮೇಲೆ ಸಿಪ್ಪೆ, ಚಕ್ಕೆ ತೆಗೆದು, ರಸ ಇನ್ನೂ ತೆಳ್ಳಗಿದ್ದರೆ ಸ್ವಲ್ಪ ಹೊತ್ತು ಇಂಗಿಸಿ, ಬೇಕಿಂಗ್ ಪಾತ್ರೆಗೆ ಹರಡಿ.

ಮೇಲಿನ ಪದರಕ್ಕೆ 75 ಗ್ರಾಂ ಕಾಯಿತುರಿಯನ್ನು ಬಾಣಲೆಯಲ್ಲಿ ಹಸಿ ಆರುವವರೆಗೆ ಹುರಿದು ಪೂರ್ತಿ ತಣಿಸಿಕೊಳ್ಳಿ. ಅದಕ್ಕೆ 100 ಗ್ರಾಂ ಬಾದಾಮಿ ಪುಡಿ, ಚಿಟಿಕೆ ಉಪ್ಪು, ಸ್ವಲ್ಪ ತುರಿದ ಜಾಯಿಕಾಯಿ ಸೇರಿಸಿ, ಫ್ರಿಜ್ಜಿನಿಂದ ಆಗ ತಾನೇ ತೆಗೆದ 60 ಗ್ರಾಂ ಗಟ್ಟಿ ಬೆಣ್ಣೆಯನ್ನು ಬೆರಳ ತುದಿಯಿಂದ ಮಾತ್ರ ತಿಕ್ಕುತ್ತ ಬೆರೆಸಿ. ಅಂಗೈ ತಾಗಿಸಿದರೆ ಬೆಣ್ಣೆ ಕರಗಿ ಮಿಶ್ರಣ ಉಂಡೆಯಾಗುತ್ತದೆ. ಕೆಲವು ಕಡೆ ರವೆಯಷ್ಟು, ಕೆಲವು ಕಡೆ ಕಡಲೆಯಷ್ಟು ಗಾತ್ರದ ಹರಳುಗಳು ನಿಂತಾಗ ಕೈ ತೆಗೆಯಿರಿ. ಬೆಣ್ಣೆಯ ಬದಲು ತೆಂಗಿನೆಣ್ಣೆ ಬಳಸುವುದಾದರೆ ಒಂದು ಮಾತು ನೆನಪಿರಲಿ: ಅದು 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುವುದರಿಂದ ನಮ್ಮ ಕರಾವಳಿಯ ಸೆಕೆಯಲ್ಲಿ ವರ್ಷದ ಬಹುಪಾಲು ನೀರಾಗಿಯೇ ಇರುತ್ತದೆ, ಆದ್ದರಿಂದ ಅಳೆದು ಫ್ರಿಜ್ಜಿನಲ್ಲಿಟ್ಟು ಹೆಪ್ಪುಗಟ್ಟಿಸಿಕೊಂಡೇ ಬಳಸಬೇಕು.

ಈ ಪುಡಿಯನ್ನು ಹಣ್ಣಿನ ಮೇಲೆ ಒತ್ತದೆ ಉದುರಿಸಿ, ಹತ್ತು ನಿಮಿಷ ಮೊದಲೇ ಕಾಯಿಸಿಟ್ಟ ಒಟಿಜಿಯಲ್ಲಿ 170 ಡಿಗ್ರಿಯಲ್ಲಿ 25ರಿಂದ 30 ನಿಮಿಷ ಬೇಯಿಸಿ. ಬಾದಾಮಿ ಮೈದಾಕ್ಕಿಂತ ಬೇಗ ಕೆಂಪಾಗುತ್ತದೆ. ಸಣ್ಣ ಒಟಿಜಿಗಳಲ್ಲಿ ಮೇಲಿನ ಕಾಯಿಲ್ ತೀರಾ ಹತ್ತಿರವಿರುವುದರಿಂದ ಹದಿನೈದನೇ ನಿಮಿಷಕ್ಕೊಮ್ಮೆ ನೋಡಿ, ಬಣ್ಣ ಬಂದಿದ್ದರೆ ಅಲ್ಯುಮಿನಿಯಂ ಫಾಯಿಲ್ ಮುಚ್ಚಿ. ಪಾತ್ರೆಯ ಅಂಚಿನಲ್ಲಿ ಕೆಂಪು ರಸ ಗುಳ್ಳೆಗುಳ್ಳೆಯಾಗಿ ಮೇಲೆ ಬಂದರೆ ಆಯಿತು. ಹೊರತೆಗೆದ ಕೂಡಲೇ ಪದರ ಮೆತ್ತಗಿರುವುದನ್ನು ಕಂಡು ಮತ್ತೆ ಒಳಗಿಡಬೇಡಿ, ತಣಿದಂತೆ ಅದು ತಾನಾಗಿ ಗರಿಯಾಗುತ್ತದೆ.

ಇನ್ನು ಲೆಕ್ಕ. ಹಣ್ಣಿನಿಂದ 56, ಬಾದಾಮಿಯಿಂದ 22, ಕಾಯಿತುರಿಯಿಂದ 11, ಒಟ್ಟು 89 ಗ್ರಾಂ. ಆರು ಪಾಲು ಮಾಡಿದರೆ ತಲೆಗೆ ಸುಮಾರು 15 ಗ್ರಾಂ ಕಾರ್ಬೋಹೈಡ್ರೇಟ್, ಅದರಲ್ಲಿ ಆರು ಗ್ರಾಂನಷ್ಟು ನಾರು. ಇದೇ ಹಣ್ಣಿಗೆ 150 ಗ್ರಾಂ ಮೈದಾ, 150 ಗ್ರಾಂ ಸಕ್ಕರೆ ಬಳಸಿದ್ದರೆ ತಲೆಗೆ 53 ಗ್ರಾಂ ಆಗುತ್ತಿತ್ತು. ಆದರೆ ಕಾರ್ಬ್ ಕಡಿಮೆಯೆಂದರೆ ಕ್ಯಾಲೊರಿ ಕಡಿಮೆಯೆಂದು ಅರ್ಥವಲ್ಲ. ಬೆಣ್ಣೆ, ಬಾದಾಮಿ ಸೇರಿ ಈ ಒಂದು ಪಾಲಿನಲ್ಲಿ 250 ಕ್ಯಾಲೊರಿಗೂ ಮೇಲೆಯೇ ಇರುತ್ತದೆ, ಆದ್ದರಿಂದ ಎರಡನೇ ಸಲ ಬಡಿಸಬೇಡಿ. ನಿಮ್ಮ ಯಜಮಾನರು ಇನ್ಸುಲಿನ್ ಅಥವಾ ಸಕ್ಕರೆ ತೀರಾ ಇಳಿಸಬಲ್ಲ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದರೆ, ದಿನದ ಒಟ್ಟು ಕಾರ್ಬ್ ಎಷ್ಟು ಕಡಿಮೆ ಮಾಡಿದ್ದೀರಿ ಎಂಬುದನ್ನು ವೈದ್ಯರಿಗೆ ತಿಳಿಸಲೇಬೇಕು; ಔಷಧದ ಪ್ರಮಾಣವನ್ನು ಅವರು ಬದಲಿಸಬೇಕಾಗಬಹುದು.

ಪ್ರಶ್ನೆ: ಬಾದಾಮಿ ದುಬಾರಿ. ಮನೆಯ ತೋಟದ ಗೇರುಬೀಜವನ್ನೇ ಪುಡಿ ಮಾಡಿ ಬಳಸಬಹುದೇ? (ಓದುಗರು, ಹೊನ್ನಾವರ)

ಉತ್ತರ: ರುಚಿಗೆ ಬಳಸಬಹುದು, ಲೆಕ್ಕಕ್ಕೆ ಒಗ್ಗುವುದಿಲ್ಲ. ನೂರು ಗ್ರಾಂ ಗೇರುಬೀಜದಲ್ಲಿ 30 ಗ್ರಾಂ ಕಾರ್ಬೋಹೈಡ್ರೇಟ್ ಇದ್ದು ನಾರು ಮೂರು ಗ್ರಾಂ ಮಾತ್ರ. ಬಾದಾಮಿಯಲ್ಲಿ 22 ಗ್ರಾಂ ಇದ್ದರೂ ಅದರಲ್ಲಿ ಹನ್ನೆರಡು ಗ್ರಾಂ ನಾರು. ಅಗ್ಗದ ಬದಲಿ ಬೇಕಾದರೆ ಹುರಿದು ಸಿಪ್ಪೆ ತೆಗೆದ ಶೇಂಗಾ ಉತ್ತಮ, ಹಸಿ ಶೇಂಗಾದಲ್ಲಿ ಕಾರ್ಬ್ ಸುಮಾರು 16 ಗ್ರಾಂ. ಯಾವುದನ್ನಾದರೂ ಮಿಕ್ಸಿಯಲ್ಲಿ ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬಿಟ್ಟು ಬಿಟ್ಟು ತಿರುಗಿಸಿ, ಪುಡಿ ತುಸು ತರಿಯಾಗಿಯೇ ಇರಲಿ.

ಪ್ರಶ್ನೆ: ನಮ್ಮಲ್ಲಿ ಮೊಟ್ಟೆ ಬಳಸುವುದಿಲ್ಲ, ಓವನ್ ಕೂಡ ಇಲ್ಲ. ಕುಕ್ಕರಿನಲ್ಲಿ ಮಾಡಬಹುದೇ? ಸಕ್ಕರೆಯ ಬದಲು ಜೋನಿ ಬೆಲ್ಲ (ದ್ರವರೂಪದ ಬೆಲ್ಲ) ಅಥವಾ ಜೇನುತುಪ್ಪ ಹಾಕಿದರೆ ಸಕ್ಕರೆ ಕಾಯಿಲೆಯವರಿಗೆ ತೊಂದರೆಯಿಲ್ಲ ಎನ್ನುತ್ತಾರಲ್ಲ? (ಓದುಗರು, ಶಿರಸಿ)

ಉತ್ತರ: ಹಾಗೆನ್ನುವವರ ಮಾತನ್ನು ನಂಬಬೇಡಿ. ಜೋನಿ ಬೆಲ್ಲದಲ್ಲಿ ನೀರಿನಂಶ ಇರುವುದರಿಂದ ತೂಕಕ್ಕೆ ತೂಕ ಸಕ್ಕರೆ ಸ್ವಲ್ಪ ಕಡಿಮೆಯಿರಬಹುದು, ಆದರೆ ದೋಸೆಗೆ ಹಾಕಿಕೊಳ್ಳುವ ಕೈ ಅಳತೆಯಲ್ಲಿ ಹಾಕಿದರೆ ಆ ಉಳಿತಾಯ ಉಳಿಯುವುದಿಲ್ಲ. ಜೇನುತುಪ್ಪದಲ್ಲಿ ನೂರು ಗ್ರಾಂಗೆ 82 ಗ್ರಾಂ ಕಾರ್ಬೋಹೈಡ್ರೇಟ್, ಅದೂ ಬಹುಪಾಲು ಸಕ್ಕರೆಯೇ. ಬೆಲ್ಲದ ಖನಿಜಗಳ ಬಗ್ಗೆ ಹೇಳುವವರು ಒಂದು ಚಮಚದಲ್ಲಿ ಅವು ಎಷ್ಟು ಸಿಗುತ್ತವೆ ಎಂಬುದನ್ನು ಹೇಳುವುದಿಲ್ಲ.

ಮೇಲೆ ಹೇಳಿದ ಕ್ರಂಬಲ್‌ಗೆ ಮೊಟ್ಟೆ ಬೇಡವಾದ್ದರಿಂದ ನಿಮಗೆ ಅದು ಒಗ್ಗುತ್ತದೆ. ಕುಕ್ಕರಿನ ತೊಡಕು ಬೇರೆ: ಅದರಲ್ಲಿ ಬಿಸಿ ಕೆಳಗಿನಿಂದ ಮಾತ್ರ ಬರುವುದರಿಂದ ಮೇಲ್ಪದರ ಕೆಂಪಾಗುವುದಿಲ್ಲ, ಹಣ್ಣಿನ ಹಬೆಗೆ ಒದ್ದೆಯೂ ಆಗುತ್ತದೆ. ಕರಾವಳಿಯಲ್ಲಿ ಸೌತೆಕಾಯಿಯ ತವಸಳಿ ಎಂಬ ಕೇಕು ಮಾಡುವಾಗ ಹಿಂದಿನವರು ಮುಚ್ಚಳದ ಮೇಲೂ ಕೆಂಡ ಹರಡುತ್ತಿದ್ದುದು ಈ ಕಾರಣಕ್ಕೇ. ಗ್ಯಾಸ್ ಒಲೆಯಲ್ಲಿ ಅದು ಸಾಧ್ಯವಿಲ್ಲದ ಕಾರಣ ಹಣ್ಣನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ ಇಂಗಿಸಿಕೊಳ್ಳಿ, ಬೆಣ್ಣೆ ಬೆರೆಸಿದ ಬಾದಾಮಿ ಮಿಶ್ರಣವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ಹುರಿದುಕೊಳ್ಳಿ, ಬಡಿಸುವ ಹೊತ್ತಿಗೆ ಒಂದರ ಮೇಲೊಂದು ಹಾಕಿ. ಶುದ್ಧ ಬೇಕಿಂಗ್ ಅಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು, ತಿಂದ ಮೇಲೆ ಆಕ್ಷೇಪ ಉಳಿಯಲಾರದು.

ಪ್ರಶ್ನೆ: ಕರಿ ಇಶಾಡ ಮಾವಿನ ಕಾಲದಲ್ಲಿ ಬೇರೆ ಹಣ್ಣು ಯಾಕೆ? ಮಾವನ್ನು ಪೂರ್ತಿ ಬಿಡಲೇಬೇಕೇ? (ಓದುಗರು, ಅಂಕೋಲಾ)

ಉತ್ತರ: 2023ರಲ್ಲಿ ಭೌಗೋಳಿಕ ಸೂಚಕ (ಊರಿನ ವಿಶಿಷ್ಟ ಬೆಳೆಗೆ ಸಿಗುವ ಜಿಐ) ಮಾನ್ಯತೆ ಪಡೆದ ಹಣ್ಣನ್ನು ಅಂಕೋಲೆಯವರಿಗೆ ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಮಾವಿನಲ್ಲಿ ನೂರು ಗ್ರಾಂಗೆ ಸುಮಾರು 15 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ, ತೊಂದರೆ ಇರುವುದು ನಾವು ತಿನ್ನುವ ಪ್ರಮಾಣದಲ್ಲಿ. ಕರಿ ಇಶಾಡದ ಪರಿಮಳ ಗಾಢವಾಗಿರುವುದರಿಂದ ಕಡಿಮೆ ತಿರುಳಿನಲ್ಲೇ ಕೆಲಸವಾಗುತ್ತದೆ. ಮೊಟ್ಟೆ ತಿನ್ನುವವರಾದರೆ 150 ಗ್ರಾಂ ತಿರುಳು, ಮೂರು ಮೊಟ್ಟೆ, 250 ಮಿಲಿಲೀಟರ್ ಗಟ್ಟಿ ಕಾಯಿಹಾಲು, ಒಂದಿಷ್ಟು ಏಲಕ್ಕಿ ಪುಡಿಯನ್ನು ನೊರೆಯೇಳದಂತೆ ಕದಡಿ, ಸೋಸಿ, ಆರು ಸಣ್ಣ ಬಟ್ಟಲುಗಳಿಗೆ ಹಾಕಿ. ಬಟ್ಟಲುಗಳ ಅರ್ಧ ಎತ್ತರಕ್ಕೆ ಬಿಸಿನೀರು ತುಂಬಿದ ತಟ್ಟೆಯಲ್ಲಿಟ್ಟು 150 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಬೇಯಿಸಿ. ಅಂಚು ಗಟ್ಟಿಯಾಗಿ ನಡು ಇನ್ನೂ ತುಸು ಅಲುಗಾಡುವಾಗಲೇ ಹೊರತೆಗೆಯಬೇಕು, ಪೂರ್ತಿ ಗಟ್ಟಿಯಾಗಲಿ ಎಂದು ಕಾದರೆ ಮೊಟ್ಟೆ ಒಡೆದು ನೀರು ಬಿಡುತ್ತದೆ. ಒಂದು ಬಟ್ಟಲಿಗೆ ಆರೇಳು ಗ್ರಾಂ ಕಾರ್ಬ್ ಆಗುತ್ತದೆ. ಅದರ ಮೇಲೆ ಮಾವಿನ ಹೋಳಿಟ್ಟು ಅಲಂಕರಿಸಿದರೆ ಲೆಕ್ಕ ಮೊದಲಿನಿಂದ ಹಾಕಬೇಕಾಗುತ್ತದೆ.

ಪ್ರಶ್ನೆ: ಎರಿಥ್ರಿಟಾಲ್ ಎಂಬ ಸಿಹಿಕಾರಕ ತರಿಸಿದ್ದೇನೆ. ಬಾಯಿಗೆ ತಣ್ಣಗೆನಿಸುತ್ತದೆ, ಮರುದಿನ ತಿನಿಸಿನಲ್ಲಿ ಹರಳು ಸಿಗುತ್ತದೆ. ಇದು ಸುರಕ್ಷಿತವೇ? (ಓದುಗರು, ಕಾರವಾರ)

ಉತ್ತರ: ಆ ತಂಪು, ಆ ಹರಳು ಎರಡೂ ಅದರ ಗುಣವೇ ಹೊರತು ಕಲಬೆರಕೆಯ ಲಕ್ಷಣವಲ್ಲ. ಸಕ್ಕರೆಯ ಶೇಕಡಾ 70ರಷ್ಟು ಮಾತ್ರ ಸಿಹಿಯಿರುವ ಇದು ತಣಿದಾಗ ಮತ್ತೆ ಹರಳುಗಟ್ಟುತ್ತದೆ. ನುಣ್ಣಗೆ ಪುಡಿ ಮಾಡಿ, ಹಣ್ಣಿನ ರಸಕ್ಕೆ ಹಾಕದೆ ಮೇಲ್ಪದರಕ್ಕೆ ಮಾತ್ರ ಎರಡು ಚಮಚ ಬೆರೆಸಿದರೆ ತೊಂದರೆ ಕಡಿಮೆ. ಹೆಚ್ಚಾದರೆ ಹೊಟ್ಟೆ ಉಬ್ಬರ, ಭೇದಿ ಆಗುವುದುಂಟು. ರಕ್ತದಲ್ಲಿ ಎರಿಥ್ರಿಟಾಲ್ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡುಬಂದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಎರಡಕ್ಕೂ ಸಂಬಂಧ ಕಂಡಿತೇ ಹೊರತು ಇದೇ ಕಾರಣವೆಂದು ಅದರಿಂದ ಸಾಬೀತಾಗಲಿಲ್ಲ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ತೂಕ ಇಳಿಸಲು ಸ್ಟೀವಿಯಾ, ಸುಕ್ರಲೋಸ್ ಮೊದಲಾದ ಸಿಹಿಕಾರಕಗಳನ್ನು ನೆಚ್ಚಬೇಡಿ ಎಂದು ಸಲಹೆ ನೀಡಿತಾದರೂ ಆ ಸಲಹೆ ಈಗಾಗಲೇ ಮಧುಮೇಹ ಇರುವವರನ್ನಾಗಲಿ ಎರಿಥ್ರಿಟಾಲ್ ಸೇರಿದ ಸಕ್ಕರೆ ಆಲ್ಕೊಹಾಲ್ ವರ್ಗವನ್ನಾಗಲಿ ಒಳಗೊಂಡಿಲ್ಲ. ಹೃದಯದ ತೊಂದರೆ ಇರುವವರ ಮನೆಯಲ್ಲಿ ನಾನು ಅದನ್ನು ದಿನನಿತ್ಯದ ಡಬ್ಬಿಗೆ ಸೇರಿಸುವುದಿಲ್ಲ. ಹಣ್ಣಿನ ಸಿಹಿಗೇ ನಾಲಿಗೆಯನ್ನು ರೂಢಿ ಮಾಡಿಸುತ್ತೇನೆ.

ಪ್ರಶ್ನೆ: ಅನಾನಸ್ ಮೊಸರಿಗೆ ಬೆರೆಸಿ ಬೇಕ್ ಮಾಡಿದೆ, ಕಹಿಯಾಯಿತು. (ಓದುಗರು, ಬನವಾಸಿ)

ಉತ್ತರ: ಹಸಿ ಅನಾನಸ್‌ನಲ್ಲಿರುವ ಬ್ರೋಮೆಲೈನ್ ಎಂಬ ಕಿಣ್ವ ಮೊಸರಿನ ಪ್ರೋಟೀನನ್ನು ಒಡೆಯುವುದರಿಂದ ಕಹಿ ಬರುತ್ತದೆ. ಹೋಳುಗಳನ್ನು ಮೊದಲು ಐದಾರು ನಿಮಿಷ ಕುದಿಸಿ ತಣಿಸಿದ ಮೇಲೆ ಬೆರೆಸಿ.

ಪ್ರಶ್ನೆ: ಹಿತ್ತಲಲ್ಲಿ ಧಾರೆಹುಳಿ ಮರವಿದೆ. ಅದರಲ್ಲಿ ಕಾರ್ಬ್ ಬಹಳ ಕಡಿಮೆಯಂತೆ. ತಂದೆಯವರಿಗೆ ಸಕ್ಕರೆ ಕಾಯಿಲೆಯ ಜೊತೆ ಕಿಡ್ನಿಯ ತೊಂದರೆಯೂ ಇದೆ. ಬೇಯಿಸಿ ಕೊಡಬಹುದೇ? (ಓದುಗರು, ಭಟ್ಕಳ)

ಉತ್ತರ: ಖಂಡಿತ ಕೊಡಬೇಡಿ. ಪೇಟೆಯಲ್ಲಿ ಸ್ಟಾರ್ ಫ್ರೂಟ್ ಎಂದು ಮಾರುವ, ಐದು ಏಣಿನ ಈ ಹಣ್ಣಿನಲ್ಲಿ ನೂರು ಗ್ರಾಂಗೆ ಏಳು ಗ್ರಾಂಗಿಂತ ಕಡಿಮೆ ಕಾರ್ಬೋಹೈಡ್ರೇಟ್ ಇರುವುದು ನಿಜ. ಆದರೆ ಅದರಲ್ಲಿ ಕಿಡ್ನಿಗೆ ಕೆಡುಕಾಗುವ ಆಕ್ಸಲೇಟ್ ಎಂಬ ಲವಣ, ಕ್ಯಾರಂಬಾಕ್ಸಿನ್ ಎಂಬ ನರವಿಷ ಎರಡೂ ಇವೆ. ಆರೋಗ್ಯವಂತರ ಕಿಡ್ನಿ ಇವನ್ನು ಹೊರಹಾಕುತ್ತದೆ. ಕಿಡ್ನಿ ಕೆಟ್ಟವರಲ್ಲಿ ಇವು ರಕ್ತದಲ್ಲಿ ಉಳಿದು, ಬಿಡದ ಬಿಕ್ಕಳಿಕೆಯಿಂದ ಹಿಡಿದು ಗೊಂದಲ, ಫಿಟ್ಸ್, ಸಾವಿನವರೆಗೂ ಹೋದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಬೇಯಿಸಿದರೆ ಅಪಾಯ ಹೋಗುತ್ತದೆಂದು ಭಾವಿಸಬೇಡಿ. ಈಗಾಗಲೇ ತಿಂದು ಬಿಕ್ಕಳಿಕೆ ಶುರುವಾಗಿದ್ದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ದು, ತಿಂದದ್ದು ಧಾರೆಹುಳಿ ಎಂಬುದನ್ನು ಹೇಳಿ. ಪೇರಲದಲ್ಲಿಯೂ ಪೊಟ್ಯಾಸಿಯಂ ಸಾಕಷ್ಟು ಇರುವುದರಿಂದ ತಂದೆಯವರಿಗೆ ಅದನ್ನು ಕೊಡುವ ಮೊದಲು ಕಿಡ್ನಿ ತಜ್ಞರನ್ನು ಕೇಳಿಕೊಳ್ಳುವುದು ಅಗತ್ಯ.